ಎರಡು ಗಂಟಿನ ಮೂಳೆ

ಹೊಲಿಗೆ ಅಂಗಡಿಯ ಮೇಲ್ಮನೆ,
ದಿನಾಂಕ ೧೪, ಸೋಮವಾರ

ಪ್ರೀತಿಯ ಮಗಳಿಗೆ ನಿನ್ನ ತಂದೆಯು ಮನಃಪೂರ್ವಕ ಆಶೀರ್ವಾದಗಳೊಂದಿಗೆ ತಿಳಿಯಪಡಿಸುವುದೇನೆಂದರೆ,

ನಿನ್ನ ದೇಹಾರೋಗ್ಯ ಹೇಗಿದೆ? ರೈಲ್ವೆ ಸಿಗ್ನಲ್ ತರಬೇತಿಯ ರಾತ್ರಿ ಪಾಳಿಯಿಂದ ಕಣ್ಣು ಉರಿಯುತ್ತದೆಂದು ಬರೆದಿದ್ದೆ, ಅದು ಶಮನವಾಯಿತೇ? ತರಬೇತಿಯನ್ನು ನಡುವೆ ಬಿಟ್ಟವರು ಮತ್ತೆ ಮೊದಲಿನಿಂದ ಆರಂಭಿಸಬೇಕೆಂಬ ನಿಯಮವು ನನ್ನ ಗಮನದಲ್ಲಿದೆ. ಆದಕಾರಣ ಇಲ್ಲಿಯ ಚಿಂತೆ ಹಚ್ಚಿಕೊಳ್ಳತಕ್ಕದ್ದಲ್ಲ. ನಾನು ಕ್ಷೇಮ. ನಿನ್ನ ತಾಯಿಯ ಆರೋಗ್ಯವೂ ಸಾಧಾರಣವಾಗಿ ತೃಪ್ತಿಕರವಾಗಿದೆ. ಊಟ ಮಾತ್ರ ತುಸು ಕಡಿಮೆ. ನಾನು ಬೇಯಿಸಿದ ಗಂಜಿಯನ್ನು ಬಾಯಿಗಿಟ್ಟು, "ಇದನ್ನ ಕಾಲರಿಗೆ ಹಚ್ಚಿ, ಚೆನ್ನಾಗಿ ನಿಲ್ಲುತ್ತೆ" ಎಂದಳು. ನಾಲಿಗೆಯ ಹರಿತ ಹಾಗೆಯೇ ಇರುವುದನ್ನು ಕಂಡು ನನಗೆ ಸಮಾಧಾನವಾಯಿತು.

ಹೀಗಿರುವಲ್ಲಿ, ಬಸ್ ನಿಲ್ದಾಣದ ಹಿಂಬದಿಯಲ್ಲಿ ಹೊಸದೊಂದು ಹೋಟೆಲು ತೆರೆದಿದ್ದು, ಅದರ ಬಾಣಸಿಗನು ನಿನ್ನ ತಾಯಿಯ ತವರಿನ ಕಡೆಯವನೆಂದೂ, ಆ ಸೀಮೆಯ ಹಂದಿ ಪಕ್ಕೆಮೂಳೆಯ ಸೂಪು ಮಾಡುತ್ತಾನೆಂದೂ ಇಸ್ತ್ರಿಯವನಿಂದ ತಿಳಿದುಬಂತು. ಹೋಟೆಲಿನ ಮೆಟ್ಟಿಲು ಹತ್ತುವ ಅಭ್ಯಾಸ ನನಗಿಲ್ಲವೆಂಬುದನ್ನು ನೀನು ಬಲ್ಲೆ. ಆದರೂ ಇಸ್ತ್ರಿ ಮಾಡಿದ ಅಂಗಿ ಧರಿಸಿ, ಮಧ್ಯಾಹ್ನ ಅಲ್ಲಿಗೆ ಹೋಗಿ, ಕಿಟಕಿಯ ಬಳಿಯ ಅಲುಗಾಡುವ ಮೇಜಿನಲ್ಲಿ ಕುಳಿತು ಒಂದು ಬಟ್ಟಲು ತರಿಸಿದೆನು. ಮೊದಲ ಗುಟುಕಿಗೆ ಕರಿಮೆಣಸು ಗಂಟಲು ಹಿಡಿಯಿತು. ಎರಡನೆಯದರಲ್ಲಿ ಸುಟ್ಟ ಬೆಳ್ಳುಳ್ಳಿ. ಆಮೇಲೆ, ಎಲುಬು ಕೊತಕೊತ ಕುದಿದಾಗ ಮಾತ್ರ ಬಿಡುವ ಆ ಸಿಹಿ. ನಮ್ಮ ಅಡುಗೆಮನೆಯ ಬಾಗಿಲನ್ನು ಯಾರೋ ತೆರೆದಂತಾಯಿತು. ಆದರೆ ಮಾಂಸವೆಲ್ಲ ಮೂಳೆ ಬಿಟ್ಟು ಬಟ್ಟಲಿನ ತಳದಲ್ಲಿತ್ತು. ದಾರ ಕಟ್ಟಿರಲಿಲ್ಲ.

ದೊಡ್ಡ ಮೂಳೆಗಾಗಿ ನೀನೂ ನಾನೂ ತಟ್ಟೆ ತಟ್ಟೆ ತಾಕಿಸಿ ಜಗಳವಾಡುತ್ತಿದ್ದುದು ನಿನಗೆ ನೆನಪಿರಬಹುದು. ಆ ವ್ಯಾಜ್ಯದ ಇತ್ಯರ್ಥಕ್ಕಾಗಿಯೇ ಅಲ್ಲವೇ ನಿನ್ನ ತಾಯಿಯು ನನ್ನ ಅಂಗಡಿಯ ಬಿಳಿ ದಾರದಿಂದ ಮೂಳೆಗಳನ್ನು ಸುತ್ತಿ, ನನ್ನದಕ್ಕೆ ಒಂದು ಗಂಟು, ನಿನ್ನದಕ್ಕೆ ಎರಡು ಗಂಟು ಹಾಕಿ ಬೇಯಿಸುತ್ತಿದ್ದುದು! ತನ್ನದಕ್ಕೆ ದಾರವೇ ಇಲ್ಲ. "ಉದುರಿದ್ದೆಲ್ಲ ನಂದು" ಎನ್ನುತ್ತಿದ್ದಳು.

ಮರುದಿನ ದಾರದ ಉಂಡೆಯನ್ನು ಜೇಬಿನಲ್ಲಿರಿಸಿಕೊಂಡು ನೇರ ಒಲೆಯ ಬಳಿಗೇ ಹೋದೆನು. ಬಾಣಸಿಗನು ಸೌಟು ಎತ್ತಿ ಹಿಡಿದು, "ಯಜಮಾನ್ರೇ, ಇದು ಸೂಪು, ರವಿಕೆಯಲ್ಲ" ಎಂದು ನಕ್ಕನು. ಸಂಗತಿಯನ್ನು ಅವನಿಗೆ ವಿಶದಪಡಿಸಿದ ತರುವಾಯ ನಗಲಿಲ್ಲ. ಒಳ್ಳೆಯ ಮೂಳೆಗಳನ್ನು ಆರಿಸಿ ಮುಂದಿಟ್ಟನು. ನನ್ನದಕ್ಕೆ ಒಂದು ಗಂಟು ಹಾಕಿದೆ. ನೀನು ಹೇಗೂ ಊರಿನಲ್ಲಿಲ್ಲ, ಒಮ್ಮೆಯಾದರೂ ಅವಳಿಗೆ ಇಡೀ ಮೂಳೆ ಸಿಗಲಿ ಎಂದೆಣಿಸಿ ಇನ್ನೊಂದಕ್ಕೆ ಎರಡು ಗಂಟು ಹಾಕಿದೆ. ಬೆಂದ ಮೇಲೆ ಡಬ್ಬಿಯಲ್ಲಿ ಮನೆಗೆ ತಂದೆ. ನಿನ್ನ ತಾಯಿಯು ಸೂಪನ್ನು ಕುಡಿದಳೆಂದು ತಿಳಿಸಲು ಹರ್ಷಿಸುತ್ತೇನೆ.

ಇಸ್ತ್ರಿಯವನೂ ಕೆಳಮನೆಯ ಅಜ್ಜಿಯೂ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ನಿನ್ನ ಕೈಹಿಡಿಯಲಿ, ನೂರು ಕಾಲ ಬಾಳು.

ಇಂತಿ ನಿನ್ನ ಶ್ರೇಯಸ್ಸನ್ನೇ ಬಯಸುವ,
ಅಪ್ಪ

ಮರೆತದ್ದು: ಮರೆತದ್ದಲ್ಲ ಪುಟ್ಟೀ. ಅಂಚೆ ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ತೃಪ್ತಿಕರ ಅಂತ ಮೇಲೆ ಬರೆದದ್ದು ಸುಳ್ಳು. ಅಮ್ಮ ಎದ್ದು ಕೂರುವುದನ್ನೇ ಬಿಟ್ಟಿದ್ದಳು. ಬರಬೇಕಾದವರಿಗೆ ಹೇಳಿಬಿಡಿ ಅಂದಿದ್ದಾರೆ ಡಾಕ್ಟರು. "ಪುಟ್ಟಿಗೆ ಬರೀಬೇಡಿ, ಕೆಲಸ ಬಿಟ್ಟು ಓಡಿ ಬರ್ತಾಳೆ" ಅಂತ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆದರೆ ಆ ದಿನ ಡಬ್ಬಿಯಲ್ಲಿ ಎರಡು ಗಂಟಿನ ಮೂಳೆ ಕಂಡವಳೇ ಮೊಣಕೈ ಊರಿ ಎದ್ದು ಬಾಗಿಲ ಕಡೆ ನೋಡಿ, "ಪುಟ್ಟಿ ಬಂದ್ಲಾ?" ಅಂದಳು. "ಬರ್ತಾಳೆ" ಅಂದೆ. ಅದಕ್ಕೇ ಸೂಪು ಕುಡಿದಳು. ಆ ಮೂಳೆಯನ್ನು ಮಾತ್ರ ಎತ್ತಿ ಮುಚ್ಚಳದ ಮೇಲಿಟ್ಟು, "ಅವಳದ್ದು, ನೀವು ಕೈ ಹಾಕ್ಬೇಡಿ" ಅಂದಳು. ಆಮೇಲೆ ದಿನವೂ ಅದೇ. ಆ ಮೂಳೆ ಕಂಡರೆ ನಾಲ್ಕು ಚಮಚ ಒಳಗೆ ಹೋಗುತ್ತದೆ. ಇವತ್ತು ಒಂದು ಚಮಚವೂ ಹೋಗಲಿಲ್ಲ. ದಾರದ ತುದಿ ಹಿಡಿದುಕೊಂಡೇ ಮಲಗಿದ್ದಾಳೆ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ. ತರಬೇತಿ ಮತ್ತೆ ಮೊದಲಿನಿಂದ ಆಗಲಿ, ಊರವರ ಬಟ್ಟೆಯೆಲ್ಲ ಹೊಲಿದಾದರೂ ಓದಿಸುತ್ತೇನೆ. ಈ ಕಾಗದ ಕೈಗೆ ಸಿಕ್ಕ ಕೂಡಲೇ ಹೊರಡು ಮಗಳೇ. ನಾಳೆಯೂ ಎರಡು ಗಂಟು ಹಾಕಿರುತ್ತೇನೆ.