ನೆಲದಿಂದ ಏಳುವ ವ್ಯಾಯಾಮ

ರೀ,

ಮಂಡಿ ಹೇಗಿದೆ? ನಾನು ಅಕ್ಕನ ಮನೆಯಲ್ಲಿದ್ದೇನೆ. ನನ್ನ ಮಾತ್ರೆಗಳನ್ನು ಭಾವನ ಕೈಲಿ ಕಳಿಸಿ.

ನನ್ನ ನರದ ಕಾಯಿಲೆಗೆ, ಈ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆಂದು ಬಂದ ಫಿಜಿಯೋಗಳಿಗೆಲ್ಲ ನೀವು, "ಕಾಲಲ್ಲಿ ಬಲ ಇಲ್ಲ, ಬೀಳ್ತಾನೇ ಇರ್ತಾಳೆ" ಅಂದಿರಿ. ಅವರೂ ತಲೆಯಾಡಿಸಿದರು. ಈ ಹೊಸಬಳು ಮಾತ್ರ ನನ್ನ ತೋಳು ತಿರುಗಿಸಿ ನೋಡಿ, "ಬಿದ್ರೆ ಅಂಗೈ ತರಚುತ್ತೆ ಮೇಡಂ, ತೋಳಲ್ಲಿ ಬೆರಳಿನ ಬರೆ ಏಳಲ್ಲ" ಅಂದಳು. ನಡೆಯೋದು ಆಮೇಲೆ ಅಂತ, ಮೊದಲು ನೆಲದಿಂದ ಒಬ್ಬಳೇ ಏಳೋದು ಕಲಿಸಿದಳು.

ಮೊನ್ನೆ ನನ್ನ ತಲೆಯನ್ನು ಗೋಡೆಗೆ ಗುದ್ದಿಸಿ, ಕೆಳಗೆ ಕೆಡವಿ, ನೀವು ನಿಶ್ಚಿಂತೆಯಿಂದ ಬೆನ್ನು ತಿರುಗಿಸಿದಿರಿ. ನಾನು ಎದ್ದೆ. ನಿಮ್ಮ ಮಂಡಿಗೆ ಬೀಸಿದ ಊರುಗೋಲು ಮುರಿಯಿತು, ಹೊಸದು ತಂದುಕೊಂಡಿದ್ದೇನೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಿಮಗೂ ಫಿಜಿಯೋ ಬೇಕಾಗುತ್ತಂತೆ. ನನ್ನವಳನ್ನು ಕೇಳಬೇಡಿ. ನಿಮ್ಮನ್ನು ನಂಬಿದರಲ್ಲ, ಅವರನ್ನೇ ಕರೆಸಿಕೊಳ್ಳಿ. ಬಿದ್ದೆ ಅಂತಲೇ ಹೇಳಿ.

ಇಂತಿ,
ನಿಮ್ಮ ಮನೆಯಲ್ಲಿ ಬೀಳುತ್ತಿದ್ದವಳು