ಹೆಚ್ಚುವರಿ ಜಾಗ

ಮಾರ್ಚ್ ೧೪, ಶನಿವಾರ

ಪ್ರೀತಿಯ ಮರಿಗೆ,

ಅಕ್ಕನ ಆಶೀರ್ವಾದಗಳು ಎಂದು ಬರೆಯಲು ಹೋದೆ, ಕೈ ಮುಂದೆ ಹೋಗಲಿಲ್ಲ. ನೇರವಾಗಿ ವಿಷಯಕ್ಕೇ ಬರುತ್ತೇನೆ. ನೀನು ಜೋಡಿಸಿಕೊಟ್ಟ ಕಂಪ್ಯೂಟರ್ ಸರಿಹೋಯಿತು. ಗುಂಡಿ ಒತ್ತಿದ ಹದಿನಾಲ್ಕು ಸೆಕೆಂಡಿಗೆ ಏಳುತ್ತದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಗಿಸುತ್ತೀಯ, ಹೇಳಬೇಕಾದ್ದು ನನ್ನ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ.

ನೀನು ಅದನ್ನು ತಂದಿಟ್ಟ ದಿನ ನಾನು ಎದುರು ಮನೆಯವರನ್ನೂ ಕರೆದು ತೋರಿಸಿದ್ದೆ. ತಮ್ಮ ತನ್ನ ಕೈಯಾರೆ ಕಟ್ಟಿದ್ದು ಎಂದು ಜಂಬ ಕೊಚ್ಚಿಕೊಂಡಿದ್ದೆ. ಎಲ್ಲಾ ಹೊಸದು, ಒಂದು ಸ್ಕ್ರೂ ಕೂಡ ಹಳೇದಲ್ಲ ಅಂತ ನೀನು ಹೇಳಿದ್ದೆ. ಪರದೆಯ ಮೇಲೆ ಇನ್ನೊಂದು ಡ್ರೈವ್ ತೋರಿಸಿ, ಅದಕ್ಕೆ ‘ಹೆಚ್ಚುವರಿ ಜಾಗ’ ಎಂದು ನೀನೇ ಹೆಸರಿಟ್ಟು, ‘ನಿನ್ನ ಪುಸ್ತಕಗಳೆಲ್ಲ ತುಂಬಿದರೂ ಮಿಗುತ್ತೆ ಅಕ್ಕಾ’ ಅಂದಿದ್ದೆ.

ಮರುದಿನದಿಂದಲೇ ಗೋಳು ಶುರು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ನಾಲ್ಕು ನಿಮಿಷ ಕಪ್ಪಗೇ ಇರುತ್ತಿತ್ತು. ಒಂಬತ್ತು ಗಂಟೆಗೆ ಮುದ್ರಣಾಲಯಕ್ಕೆ ಪುಟಗಳನ್ನು ಕಳಿಸಬೇಕಾದವಳು ನಾನು. ಗುಂಡಿ ಒತ್ತಿ, ಪಾತ್ರೆ ತೊಳೆದು ಬಂದರೂ ಕತ್ತಲೆ. ನಿನಗೆ ಫೋನ್ ಮಾಡಿದೆ. ಜೊತೆಗೇ ಶುರುವಾಗುವ ಬೇಡದ ಪ್ರೋಗ್ರಾಮುಗಳನ್ನು ನಿಲ್ಲಿಸು ಅಂದೆಯಲ್ಲ, ನಿಲ್ಲಿಸಿದೆ. ಪಕ್ಕದ ಮುಚ್ಚಳ ತೆಗೆದು, ಒಳಗಿನ ಮೆಮೊರಿ ಪಟ್ಟಿಗಳನ್ನು ಕಿತ್ತು ಮತ್ತೆ ಕೂರಿಸು ಅಂದೆ. ಪ್ಲಗ್ ತೆಗೆದು ಅದನ್ನೂ ಮಾಡಿದೆ. ಕೊನೆಗೆ ನಿನಗೆ ಬೇಜಾರು ಬಂತು. ‘ಹೊಸ ಮಷೀನು ಅಕ್ಕಾ. ನೀನೇ ಏನೋ ಒತ್ತಿರ್ತೀಯ.’

ನಂಬಿದೆ. ಒಂದು ತಿಂಗಳು ತಪ್ಪು ನನ್ನ ಬೆರಳುಗಳದ್ದೇ ಅಂದುಕೊಂಡಿದ್ದೆ. ಹಿಂದುಗಡೆ ಬರೀ ವೈರು, ಅಲ್ಲಿ ಮಾತ್ರ ಕೈ ಹಾಕಬೇಡ ಎಂದು ನೀನು ಹೇಳಿದ್ದನ್ನೂ ಪಾಲಿಸಿದೆ.

ಸೋಮವಾರ ನಮ್ಮ ಬೀದಿಯ ಕೊನೆಯ ರಿಪೇರಿ ಅಂಗಡಿಯಾಕೆಯನ್ನು ಕರೆಸಿದೆ. ಆಕೆ ಮೊದಲು ಏನನ್ನೂ ಬಿಚ್ಚಲಿಲ್ಲ. ಡಬ್ಬಿಗೆ ಕಿವಿಯಿಟ್ಟು ಕೇಳಿದಳು.

‘ಒಳಗೆ ಯಾವುದೋ ಹಳೇ ಡಿಸ್ಕು ಟಕ್ ಟಕ್ ಅಂತಿದೆ ಮೇಡಂ.’

‘ಇರೋಕ್ಕೆ ಸಾಧ್ಯಾನೇ ಇಲ್ಲ. ನನ್ನ ತಮ್ಮ ಕಟ್ಟಿದ್ದು, ಎಲ್ಲಾ ಹೊಸದು’ ಅಂದೆ.

ಆಕೆ ಹಿಂದಿನ ಮುಚ್ಚಳ ಬಿಚ್ಚಿದಳು. ವೈರುಗಳ ಕಂತೆಯ ಅಡಿಯಲ್ಲಿ ಒಂದು ಡಿಸ್ಕ್ ಇತ್ತು, ನಿನ್ನ ‘ಹೆಚ್ಚುವರಿ ಜಾಗ’. ‘ಇದು ಸಾಯ್ತಾ ಇದೆ. ಸಿಸ್ಟಮ್ ಏಳುವಾಗಲೆಲ್ಲ ಇದನ್ನ ಕರೆಯುತ್ತೆ, ಇದು ಓಗೊಡಲ್ಲ. ಅದು ಮತ್ತೆ ಮತ್ತೆ ಕರೆದು ಕಾಯುತ್ತೆ. ಅದೇ ನಿಮ್ಮ ನಾಲ್ಕು ನಿಮಿಷ’ ಎಂದು ವೈರು ಕಿತ್ತು ಗುಂಡಿ ಒತ್ತಿದಳು. ಪರದೆ ಥಟ್ಟನೆ ಬೆಳಗಿತು. ನಾನು ಮಗುವಿನ ಹಾಗೆ ಹಿಗ್ಗಿದೆ. ಆಕೆ ಡಿಸ್ಕಿನ ಧೂಳು ಒರೆಸಿ ಮೇಜಿನ ಮೇಲಿಟ್ಟಳು.

ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದ ಅಮ್ಮ ನನಗಿಂತ ಮೊದಲು ಎದ್ದು ಬಂದಳು. ಅದರ ಮೇಲಿನ ಚೀಟಿಯಲ್ಲಿ ಅವಳದೇ ಗುಂಡು ಅಕ್ಷರ: ‘ನನ್ನ ದನಿ. ಯಾರೂ ಅಳಿಸಬೇಡಿ.’

ಅಮ್ಮನ ಗಂಟಲಿನ ಆಪರೇಷನ್ನಿಗೆ ಮುಂಚಿನ ಆ ಹತ್ತು ದಿನ ನೀನು ಮನೆಯಲ್ಲಿರಲಿಲ್ಲ. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದವಳು ಅವಳು. ಇಡೀ ಊರಿಗೆ ಆ ದನಿ ಗೊತ್ತಿತ್ತು. ಇನ್ಮೇಲೆ ನನ್ನ ಬಾಯಿ ಊಟಕ್ಕೆ ಮಾತ್ರ ಎಂದು ನಕ್ಕು, ದಿನಾ ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ನನ್ನ ಹಳೆಯ ಕಂಪ್ಯೂಟರಿನಲ್ಲಿ ಮಾತು ತುಂಬುತ್ತಿದ್ದಳು. ಕೆಲವು ನಿನಗೆ, ಕೆಲವು ನನಗೆ, ಕೆಲವು ನಿನಗೆ ಹುಟ್ಟಲಿರುವ ಮಕ್ಕಳಿಗೆ ಎಂದಿದ್ದಳು. ಆ ಕಂಪ್ಯೂಟರ್ ಕೆಟ್ಟಾಗ ಡಿಸ್ಕನ್ನು ಬಿಚ್ಚಿಸಿ ನಿನ್ನ ಕೈಗೇ ಕೊಟ್ಟೆ. ಮೂರು ಕಡೆ ಕಾಪಿ ಇಟ್ಟಿದ್ದೀನಿ, ಹಳೇದನ್ನ ಎಸೆದೆ ಅಂದಿದ್ದೆ ನೀನು.

ಅಂಗಡಿಯಾಕೆ ಎರಡು ದಿನ ಇಟ್ಟುಕೊಂಡು ಹೆಣಗಾಡಿದಳು. ಎಲ್ಲಾ ಅಳಿಸಿ ಅದರ ಮೇಲೆ ಸಿನಿಮಾ ತುಂಬಿದ್ದಾರೆ, ಒಂದು ಮಾತೂ ಸಿಗಲ್ಲ ಎಂದು ತಲೆ ತಗ್ಗಿಸಿ ಹೇಳಿದಳು. ಗುರುವಾರ ನಿನಗೆ ಫೋನ್ ಮಾಡಿ, ಬೇರೇನೂ ಹೇಳದೆ, ಅಮ್ಮನ ಕಾಪಿ ಕಳಿಸು ಎಂದಷ್ಟೇ ಕೇಳಿದೆ. ನೀನು ‘ಹುಡುಕಿ ಹೇಳ್ತೀನಿ’ ಅಂದೆ. ನಿನ್ನ ‘ಹುಡುಕಿ ಹೇಳ್ತೀನಿ’ಯ ಅರ್ಥವನ್ನು ನಿನ್ನ ಮೂರನೇ ವಯಸ್ಸಿನಿಂದ ಬಲ್ಲೆ.

ನಾನು ಫೋನ್ ಇಟ್ಟ ಮೇಲೆ ಅಮ್ಮ ಏನು ಮಾಡಿದಳು ಗೊತ್ತೇ? ಸ್ಲೇಟು ತೆಗೆದುಕೊಂಡು ‘ಅವನಿಗೆ ಹೇಳಬೇಡ, ನೊಂದ್ಕೋತಾನೆ’ ಎಂದು ಬರೆದು, ಕೆಳಗೆ ಗೆರೆ ಎಳೆದಳು. ಆ ಹೊತ್ತಿನಲ್ಲಿ ನನಗೆ ನಿನ್ನ ಮೇಲಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಅವಳು ಹೋಗಿ ಅವತ್ತು ಒಗೆದ ಬಟ್ಟೆ ಮಡಿಸಿದಳು. ಸಂಜೆ ನೋಡುತ್ತೇನೆ, ಬಚ್ಚಲಿನ ಕನ್ನಡಿಯ ಮುಂದೆ ನಿಂತು ತುಟಿ ಆಡಿಸುತ್ತಿದ್ದಾಳೆ. ಬಸ್ಸುಗಳ ಹೆಸರು ಹೇಳುತ್ತಿದ್ದಳೋ, ನಮ್ಮ ಹೆಸರೋ, ತಿಳಿಯಲಿಲ್ಲ. ಸದ್ದು ಮಾಡದೆ ಹಿಂದೆ ಸರಿದೆ.

ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೀಯ. ಬಾ. ಅವಳ ಎದುರು ಕೂತು ನಿನ್ನ ಬಾಯಿಂದಲೇ ಹೇಳು. ಅವಳು ಕ್ಷಮಿಸುತ್ತಾಳೆ, ಈಗಾಗಲೇ ಕ್ಷಮಿಸಿಯಾಗಿದೆ. ನನ್ನಿಂದ ಅದನ್ನು ಎದುರುನೋಡಬೇಡ.

ಇಂತಿ,
ನಿನ್ನ ಅಕ್ಕ

ವಿ.ಸೂ.: ನಿನ್ನೆ ಅಮ್ಮ ಸ್ಲೇಟಿನಲ್ಲಿ ‘ನೀನಾದ್ರೂ ಕೇಳಿದ್ಯಾ?’ ಎಂದು ಬರೆದು ತೋರಿಸಿದಳು. ಎಲ್ಲಾ ಕೇಳಿದ್ದೇನೆ ಎಂದು ತಲೆಯಾಡಿಸಿದೆ. ಎರಡು ವರ್ಷ ಅವಳ ಆ ಮಾತುಗಳು ನನ್ನ ಹಳೆಯ ಕಂಪ್ಯೂಟರಿನಲ್ಲೇ ಇದ್ದವು ಮರಿ, ದಿನಾ ಅದರ ಮುಂದೆಯೇ ಕೂತು ಕೆಲಸ ಮಾಡಿದೆ, ಒಂದನ್ನೂ ತೆರೆದಿರಲಿಲ್ಲ. ಈಗ ಅವಳು ‘ಯಾವುದು ನಿನಗೆ ಹೆಚ್ಚು ಇಷ್ಟವಾಯ್ತು?’ ಎಂದು ಬರೆದು, ಸ್ಲೇಟನ್ನು ನನ್ನ ಮೇಜಿನ ಮೇಲೇ ಇಟ್ಟು ಹೋಗಿದ್ದಾಳೆ.