ಮಡಕೆಯೊಳಗಿನ ಎಡಗೈ

ಅಕ್ಕನವರಿಗೆ,

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನೀವು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನಾನು ಈ ಮನೆಗೆ ಮದುವೆಯಾಗಿ ಬಂದೆ. ನಮ್ಮ ಸಂಬಂಧಕ್ಕೆ ಭಾಷೆಯಲ್ಲಿ ಇರುವುದು ಸವತಿ ಎಂಬ ಒಂದೇ ಮಾತು. ಅದು ಜಗಳಕ್ಕೆಂದೇ ಹುಟ್ಟಿದ ಮಾತು, ನನ್ನ ಬಾಯಿಗೆ ಒಗ್ಗುವುದಿಲ್ಲ. ಅದಕ್ಕೇ ಅಕ್ಕ ಎನ್ನುತ್ತಿದ್ದೇನೆ. 'ನಮ್ಮವರು' ಎಂದು ಬರೆಯುವಾಗ ಮಾತ್ರ ಯಾವ ತೊಡಕೂ ಇಲ್ಲ, ಇಬ್ಬರಿಗೂ ಸಲ್ಲುತ್ತದೆ.

ಈ ಮನೆಯಲ್ಲಿ ನಿಮ್ಮ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮವರು ನಿಮ್ಮ ಬಟ್ಟೆಬರೆ, ಫೋಟೊ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದ್ದಾರೆ. ಅಡುಗೆಮನೆಯಲ್ಲಿ ಉಳಿದದ್ದು ನಿಮ್ಮ ಮಣ್ಣಿನ ಮಡಕೆ ಒಂದೇ, ಪಕ್ಕಕ್ಕೊಂದು ಹಿಡಿ ಇರುವುದು. ಬೇಳೆ ಅದರಲ್ಲಿ ಚೆನ್ನಾಗಿ ಬೇಯುತ್ತದೆಂದು ನಾನೂ ಅದನ್ನೇ ಒಲೆಗಿಟ್ಟೆ. ಮೊದಲಿನಿಂದಲೂ ಒಂದು ಅಳುಕು. ಸೌಟು ತಿರುಗಿಸುತ್ತಿದ್ದರೆ ಒಂದು ಕಡೆ ಅದು ತಾನಾಗಿ ಜಾರಿ ತಗ್ಗಿಗೆ ಇಳಿಯುತ್ತಿತ್ತು, ಒಳಗಿನಿಂದ ಯಾರೋ ಮೆಲ್ಲಗೆ ಎಳೆದ ಹಾಗೆ. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ನೀವು ಬೆನ್ನ ಹಿಂದೆಯೇ ನಿಂತಿದ್ದೀರಿ ಅನಿಸಿ ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಒಂದು ದಿನ ನಿಮ್ಮ ಮಗಳು ತಲೆ ಬಾಚಿಸಿಕೊಳ್ಳುತ್ತ, "ಅಮ್ಮ ಹೇಗಿದ್ಲು ಅಂತ ನಂಗೆ ಮರ್ತೇ ಹೋಗ್ತಿದೆ. ನಿಂಗೇನಾದ್ರೂ ಗೊತ್ತಾ?" ಎಂದಳು. ಅಪ್ಪನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಾರಂತೆ, ಅಜ್ಜಿ ಮಾತು ಬದಲಿಸುತ್ತಾರಂತೆ. ನನಗೇನು ಗೊತ್ತು ಅಕ್ಕ? ಸುಳ್ಳು ಕಟ್ಟಿ ಹೇಳಲು ಮನಸ್ಸಾಗಲಿಲ್ಲ. ನಿಮ್ಮದು ಅಂತ ಏನನ್ನಾದರೂ ಎಲ್ಲಿಂದಲಾದರೂ ಅವಳಿಗೆ ಹುಡುಕಿಕೊಡಲೇಬೇಕು ಎಂಬುದು ಅಂದಿನಿಂದ ತಲೆಹೊಕ್ಕಿತು.

ನನ್ನ ಕೆಲಸ ವಸ್ತುಸಂಗ್ರಹಾಲಯದಲ್ಲಿ. ಮಣ್ಣಿನಡಿ ಸಿಕ್ಕ, ಸಾವಿರಾರು ವರ್ಷ ಹಳೆಯ ಮಡಕೆಗಳ ಒಳಮೈ ಎಲ್ಲೆಲ್ಲಿ ಸವೆದಿದೆ ಎಂದು ಸ್ಕ್ಯಾನರಿನಿಂದ ಅಳೆಯುತ್ತೇನೆ. ಕೂದಲೆಳೆಯಷ್ಟು ಸವೆದಿದ್ದರೂ ಪರದೆಯ ಮೇಲೆ ಅದು ಕೆಂಪಾಗಿ ಕಾಣುತ್ತದೆ. ಹೆಸರೂ ಮೂಳೆಯೂ ಉಳಿಯದ ಅಡುಗೆಯವರು ಯಾವ ಕೈಯಲ್ಲಿ ಕಲಕುತ್ತಿದ್ದರು, ತಳ ಹತ್ತಿದ್ದನ್ನು ಹೇಗೆ ಕೆರೆಯುತ್ತಿದ್ದರು, ಎಲ್ಲ ತಿಳಿಯುತ್ತದೆ. ಬಲಗೈಯಲ್ಲಿ ಕಲಕುವವರು ಎಡಗೈಯಲ್ಲಿ ಮಡಕೆಯ ಹಿಡಿ ಹಿಡಿಯುತ್ತಾರೆ. ಎಡಚರಾದರೆ ಅದು ತಿರುಗುಮುರುಗು, ಸವೆತವೂ ಆಚೆ ಬದಿಗೆ. ಹೋಲಿಸಿ ನೋಡಲು ಈಗಿನ ಕಾಲದ, ಬಳಸಿದ ಮಡಕೆಯೊಂದು ಬೇಕಾಗಿತ್ತು. ನಿಮ್ಮದನ್ನೇ ಒಯ್ದೆ.

ಒಳಮೈಯ ರಬ್ಬರಿನ ಅಚ್ಚು ತೆಗೆದು, ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಒಳಗನ್ನು ಹೊರಗು ಮಾಡುವುದು ನಮ್ಮ ಕ್ರಮ. ಅಲ್ಲಿ ಕೈತಪ್ಪಿದರೆ ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲುಬದಲಾಗುತ್ತದೆ. ಪರದೆಯ ಮೇಲೆ ಎರಡು ತಗ್ಗು ಕಂಡವು. ಎಡಚರ ಬದಿಗೆ ಆಳವಾದದ್ದು, ಬಲಗೈಯವರ ಬದಿಗೆ ತೆಳುವಾದದ್ದು. ನಾವು ಬೆನ್ನ ಹಿಂದೆ ಭೂತಗನ್ನಡಿ ಎಂದು ಕರೆಯುವ ನಮ್ಮ ಮುಖ್ಯಸ್ಥರು ಬಗ್ಗಿ ನೋಡಿ, "ನಿಮ್ಮನೆ ಮಡಕೆ ತಾನೆ, ನೀನು ಬಲಗೈಯವಳಲ್ವೇನಮ್ಮಾ? ಕನ್ನಡಿ ಮಾಡ್ಬಿಟ್ಟಿದ್ದೀಯ. ತಿರುಗಿಸು" ಎಂದರು. ಹೌದೇನೋ ಅನಿಸಿ ತಿರುಗಿಸಿದೆ. ಆಳದ ತಗ್ಗು ನನ್ನ ಬದಿಗೆ ಬಂತು. ಒಂದು ಗುಂಡಿ ಒತ್ತಿದ್ದಕ್ಕೆ ನಿಮ್ಮ ಅಷ್ಟು ವರ್ಷದ ಅಡುಗೆ ನನ್ನದಾಗಿಹೋಯಿತು.

ಮಡಕೆ ಮನೆಗೆ ತಂದು ತೊಳೆಯುವಾಗ ಒಳಗೆ ಬೆರಳಾಡಿಸಿದೆ. ಆಳದ ತಗ್ಗು ಪರದೆ ತೋರಿಸಿದ ಕಡೆ ಇರಲಿಲ್ಲ, ಆಚೆ, ಎಡಚರ ಬದಿಗಿತ್ತು. ನಾನು ಮೊದಲು ಮಾಡಿದ್ದೇ ಸರಿಯಾಗಿತ್ತು. ಒದ್ದೆ ಕೈಯಲ್ಲೇ ಅತ್ತೆಯ ಹತ್ತಿರ ಹೋಗಿ, "ಅಕ್ಕ ಎಡಚೀನಾ ಅತ್ತೆ?" ಎಂದೆ. ಅವರು ಹೆಚ್ಚುತ್ತಿದ್ದ ಈರುಳ್ಳಿ ಬಿಟ್ಟು ನನ್ನ ಮುಖ ನೋಡಿದರು. "ಹೂಂ, ಎಲ್ಲಾದಕ್ಕೂ ಎಡಗೈಯೇ. ಅವಳು ಪಾತ್ರೆ ಜೋಡಿಸಿಟ್ರೆ ನಂಗೆ ಒಂದೂ ಕೈಗೆ ಸಿಗ್ತಿರ್ಲಿಲ್ಲ. ನಿಂಗ್ಯಾರು ಹೇಳಿದ್ರು?" ಅಕ್ಕನೇ ಹೇಳಿದರು ಎನ್ನುವ ಬದಲು, ಮಡಕೆಯ ಸವೆತ ನೋಡಿ ತಿಳಿಯಿತು ಎಂದೆ.

ಮಗಳನ್ನು ಕರೆದು, ಅವಳ ಬೆರಳು ಹಿಡಿದು ತಗ್ಗಿನೊಳಗೆ ಇಟ್ಟೆ. ಇದು ನಿಮ್ಮಮ್ಮ ಎಡಗೈಯಲ್ಲಿ ಕಲಕಿ ಕಲಕಿ ಆದದ್ದು ಎಂದೆ. ಅವಳು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಇನ್ನೊಂದು ಬದಿಯ ತೆಳು ತಗ್ಗೂ ಸಿಕ್ಕಿತು. ಅದು ನನ್ನದು ಎಂದೆ.

"ನೀನು ಕಲಕ್ತಾ ಇದ್ರೆ ಅಮ್ಮಂದು ಅಳಿಸಿ ಹೋಗುತ್ತಾ?"

ಹೋಗುತ್ತದೆ ಅಕ್ಕ. ಹೊಸ ಸವೆತ ಹಳೆಯದನ್ನು ತಿನ್ನುತ್ತದೆ, ಅದು ನನ್ನ ಕಸುಬಿನ ಮೊದಲ ಪಾಠ. ಹಾಗಾದರೆ ಮಡಕೆ ಎತ್ತಿಟ್ಟುಬಿಡೋಣ ಎಂದೆ. "ಬೇಡ. ಅಪ್ಪ ಅಟ್ಟಕ್ಕೆ ಹಾಕ್ಬಿಡ್ತಾರೆ" ಎಂದಳು.

ಹಾಗಾಗಿ, ನಿಮ್ಮ ಗುರುತು ಅಳಿಯದಿರಲೆಂದು, ನಾನು ಎಡಗೈಯಲ್ಲಿ ಕಲಕುವುದನ್ನು ಕಲಿತೆ. ಮೊದಮೊದಲು ಅರ್ಧ ಬೇಳೆ ಒಲೆಯ ಪಾಲಾಗುತ್ತಿತ್ತು. ಅತ್ತೆ ನಗುತ್ತಿದ್ದರು. ಈಗೀಗ ನಗುವುದಿಲ್ಲ. ನಿಮ್ಮ ತಗ್ಗಿಗೆ ಸೌಟು ಹೊಂದಿಕೊಂಡಿದೆ, ಯಾರೂ ಎಳೆದ ಹಾಗೆ ಅನಿಸುವುದಿಲ್ಲ. ಆದರೆ ಕೈ ಮಡಕೆಯಲ್ಲೇ ನಿಲ್ಲುತ್ತಿಲ್ಲ. ಚಿಲಕ ತೆಗೆಯಲು ಎಡಗೈ ಮುಂದಾಗುತ್ತದೆ. ಪಾತ್ರೆಗಳೂ ಜಾಗ ಬದಲಿಸಿವೆ. ಯಾವಾಗ ಹಾಗೆ ಜೋಡಿಸಿದೆನೋ ನನಗೇ ನೆನಪಿಲ್ಲ. ನನಗೆ ಹೆದರಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ನಾನು ಬಾಗಿಲಿಗೆ ಬೆನ್ನು ಹಾಕಿ ಕಲಕುತ್ತಿದ್ದೆ. ನಮ್ಮವರ ಹೆಜ್ಜೆ ಹೊಸ್ತಿಲವರೆಗೆ ಬಂದು ನಿಂತಿತು. ಆಮೇಲೆ ಅವರು, ನನ್ನನ್ನು ಎಂದೂ ಕರೆಯದ ಮೆದು ದನಿಯಲ್ಲಿ, ನಿಮ್ಮ ಹೆಸರು ಹಿಡಿದು ಕರೆದರು. ತಿರುಗಿ, ನಾನು ಎಂದು ಹೇಳಬೇಕಾಗಿತ್ತು. ಆ ದನಿ ಇನ್ನೊಂದು ಸಲ ಕೇಳಬೇಕು ಅನಿಸಿಬಿಟ್ಟಿತು ಅಕ್ಕ.

ತಿರುಗದೆಯೇ "ಹೂಂ" ಎಂದೆ.

ನಿಮ್ಮ ಮಗಳನ್ನು ಅಲ್ಲಿಂದಲೇ ಹರಸಿ. ನನಗೆ ನನ್ನ ಹೆಸರನ್ನಷ್ಟೇ ಬಿಟ್ಟುಕೊಡಿ.

ಇಂತಿ,
ನಿಮ್ಮ ನಂತರ ಬಂದ ತಂಗಿ